ಹತ್ತು ಪಾಲು ವೇಗ, ಮೂವತ್ತಮೂರು ಪಾಲು ಬಿಸಿ

ಹೋದ ಬೇಸಿಗೆಯಲ್ಲಿ ಅಕ್ಕನ ಮಗ ತನ್ನ ಗೇಮಿಂಗ್ ಲ್ಯಾಪ್‌ಟಾಪ್ ತಂದು ನನ್ನ ಮೇಜಿನ ಮೇಲಿಟ್ಟ. ಆನ್ ಮಾಡಿದರೆ ಪರದೆ ತುಂಬ ಹಸಿರು, ನೇರಳೆ ಚೌಕಗಳು. ತಳದ ಮುಚ್ಚಳ ಬಿಚ್ಚಿ ನೋಡಿದೆ. ಗಾಳಿ ಹೊರಬೀಳುವ ಕಿಂಡಿಗೆ ಧೂಳು ಕಂಬಳಿಯ ಹಾಗೆ ಮೆತ್ತಿತ್ತು. ಚಿಪ್ಪಿನ ಮೇಲಿನ ಥರ್ಮಲ್ ಪೇಸ್ಟ್ ಒಣಗಿ, ಹಳೇ ಗೋಡೆಯ ಸುಣ್ಣದಂತೆ ಉಗುರು ತಾಗಿದರೆ ಉದುರುತ್ತಿತ್ತು. ಅಂಥ ಮೈಯಲ್ಲಿ ಅವನು ಆರು ತಿಂಗಳಿಂದ ಗ್ರಾಫಿಕ್ಸ್ ಚಿಪ್ಪನ್ನು ಓವರ್‌ಕ್ಲಾಕ್ ಮಾಡಿ, ಅಂದರೆ ನಿಗದಿತ ವೇಗಕ್ಕಿಂತ ಹೆಚ್ಚು ಓಡಿಸಿ, ಆಡುತ್ತಿದ್ದ.

ಓವರ್‌ಕ್ಲಾಕಿಂಗ್ ಎಂದರೆ ಸಾಕು, ಬೇಡ ಎನ್ನುವವನಲ್ಲ ನಾನು. ಡೆಸ್ಕ್‌ಟಾಪಿನಲ್ಲಿ ದೊಡ್ಡ ಹೀಟ್‌ಸಿಂಕ್ ಇರುತ್ತದೆ, ಎರಡು ಮೂರು ಫ್ಯಾನ್ ಇರುತ್ತವೆ. ಗ್ರಾಫಿಕ್ಸ್ ಕಾರ್ಡ್ ಕೆಟ್ಟರೆ ಕಿತ್ತು ಬೇರೊಂದು ಹಾಕಬಹುದು. ಈಗಿನ ಲ್ಯಾಪ್‌ಟಾಪುಗಳಲ್ಲಿ ಗ್ರಾಫಿಕ್ಸ್ ಚಿಪ್ ಸಾಮಾನ್ಯವಾಗಿ ಮದರ್‌ಬೋರ್ಡಿಗೇ ಬೆಸುಗೆಯಾಗಿರುತ್ತದೆ. ಹಲವು ಮಾದರಿಗಳಲ್ಲಿ ಪ್ರೊಸೆಸರಿನ ಬಿಸಿಯನ್ನೂ ಅದರ ಬಿಸಿಯನ್ನೂ ಅವೇ ತಾಮ್ರದ ಕೊಳವೆಗಳು ಹೊರಬೇಕು. ಒಂದು ಕಾದರೆ ಇನ್ನೊಂದೂ ಕಾಯುತ್ತದೆ.

ಲೆಕ್ಕ ಸರಳ. ಚಿಪ್ ದುಡಿಯುವಾಗ ಎಳೆಯುವ ವಿದ್ಯುತ್ತು ಕ್ಲಾಕ್ ವೇಗದ ಜೊತೆ ಏರುತ್ತದೆ, ವೋಲ್ಟೇಜ್ ಏರಿದರೆ ಅದರ ವರ್ಗದಷ್ಟು ಏರುತ್ತದೆ. ಎರಡನ್ನೂ ಶೇ. 10 ಹೆಚ್ಚಿಸಿದರೆ ಆ ವಿದ್ಯುತ್ತು ಸುಮಾರು ಶೇ. 33 ಹೆಚ್ಚುತ್ತದೆ, ಅದೆಲ್ಲ ಬಿಸಿಯಾಗಿಯೇ ಹೊರಬರಬೇಕು. ಆಟದಲ್ಲಿ ಸಿಗುವುದು ಹೆಚ್ಚೆಂದರೆ ಸೆಕೆಂಡಿಗೆ 60 ಫ್ರೇಮ್ ಇದ್ದದ್ದು 66. ಅದೂ ನಿಲ್ಲುವುದಿಲ್ಲ: ತಾಪ ಮಿತಿ ಮುಟ್ಟಿದೊಡನೆ ಚಿಪ್ ತಾನೇ ವೇಗ ಇಳಿಸಿಕೊಳ್ಳುತ್ತದೆ. ವೋಲ್ಟೇಜ್ ಮುಟ್ಟದೆ ಕ್ಲಾಕ್ ಮಾತ್ರ ಏರಿಸಿದರೆ ಬಿಸಿ ಅಷ್ಟು ಏರುವುದಿಲ್ಲ, ನಿಜ. ಆದರೆ ಒಂದು ಮಿತಿ ದಾಟಿದರೆ ಆಟ ನಡುವೆ ನಿಲ್ಲುವುದು, ಡ್ರೈವರ್ ತಂತ್ರಾಂಶ ಕುಸಿಯುವುದು ಶುರುವಾಗುತ್ತದೆ.

ಬಿಸಿ ಏನು ಮಾಡಬಲ್ಲದು ಎಂಬುದಕ್ಕೆ 2008ರ ಪ್ರಕರಣ ಸಾಕ್ಷಿ. ತನ್ನ ಹಿಂದಿನ ತಲೆಮಾರಿನ ಲ್ಯಾಪ್‌ಟಾಪ್ ಚಿಪ್ಪುಗಳು ಕೆಡುತ್ತಿವೆ ಎಂದು ಒಪ್ಪಿಕೊಂಡ ಗ್ರಾಫಿಕ್ಸ್ ಚಿಪ್ ಕಂಪನಿ ಎನ್ವಿಡಿಯಾ, ದುರಸ್ತಿ ವೆಚ್ಚಕ್ಕೆಂದು 15ರಿಂದ 20 ಕೋಟಿ ಡಾಲರ್ ತೆಗೆದಿಡಬೇಕಾಯಿತು. ದುರ್ಬಲ ಪ್ಯಾಕೇಜಿಂಗ್ ವಸ್ತು ದಿನವೂ ಕಾದು ತಣಿದು ಸೋತಿತ್ತು. ಅದಕ್ಕೆ ಓವರ್‌ಕ್ಲಾಕಿಂಗ್ ಬೇಕೇ ಆಗಿರಲಿಲ್ಲ, ಮಾಮೂಲಿ ಬಳಕೆಯೇ ಸಾಕಾಯಿತು. 2015ರಲ್ಲಿ ಅದೇ ಕಂಪನಿ 900ಎಂ ಸರಣಿಯ ಲ್ಯಾಪ್‌ಟಾಪ್ ಚಿಪ್ಪುಗಳ ಓವರ್‌ಕ್ಲಾಕಿಂಗನ್ನು ಡ್ರೈವರ್ ಮೂಲಕ ತಡೆಯಿತು. ಬಳಕೆದಾರರು ಸಿಟ್ಟಾದರು, ಕಂಪನಿ ಹಿಂದೆ ಸರಿಯಿತು. ಕೊಂಡವನಿಗೆ ಹಕ್ಕಿರಬೇಕು ಎಂದೇ ನಾನೂ ನಂಬುತ್ತೇನೆ. ಆದರೆ ಆ ಹಕ್ಕು ಸಿಕ್ಕಿತೆಂದು ಕೊಳವೆ ದಪ್ಪವಾಗಲಿಲ್ಲ, ಫ್ಯಾನ್ ದೊಡ್ಡದಾಗಲಿಲ್ಲ.

ಹಾಗಾಗಿ ನನ್ನ ತೀರ್ಪು: ಲ್ಯಾಪ್‌ಟಾಪಿನಲ್ಲಿ ಓವರ್‌ಕ್ಲಾಕಿಂಗ್ ನಷ್ಟದ ವ್ಯಾಪಾರ. ಕೈಚಳಕ ತೋರಿಸಲೇಬೇಕೆಂದಿದ್ದರೆ ಅಂಡರ್‌ವೋಲ್ಟಿಂಗ್ ಇದೆ. ಅದೇ ಕ್ಲಾಕ್ ವೇಗವನ್ನು ಕಡಿಮೆ ವೋಲ್ಟೇಜಿನಲ್ಲಿ ನಿಲ್ಲಿಸುವುದು, ಒಂದೊಂದೇ ಹೆಜ್ಜೆ ಇಳಿಸಿ ಪರೀಕ್ಷಿಸುವುದು. ತಪ್ಪಿದರೆ ಯಂತ್ರ ಹ್ಯಾಂಗ್ ಆಗುತ್ತದೆ, ಸುಡುವುದಿಲ್ಲ. ಒಪ್ಪಿದರೆ ಬಿಸಿ ಇಳಿದು, ವೇಗ ಆಟದ ಕೊನೆಯವರೆಗೂ ನಿಲ್ಲುತ್ತದೆ.

ಕೊನೆಗೆ ಆ ಹುಡುಗನ ಲ್ಯಾಪ್‌ಟಾಪಿನ ಬೋರ್ಡ್ ಬದಲಿಸಲು ಅಂಗಡಿಯವರು ಹೇಳಿದ ಮೊತ್ತ ಕೇಳಿ ಅಕ್ಕ ಮಾತಾಡಲಿಲ್ಲ. ಹುಡುಗ ಮಾತ್ರ ಬ್ರಶ್ ಹಿಡಿದು ಕಿಂಡಿಯ ಧೂಳು ತೆಗೆಯುತ್ತ ಕೂತಿದ್ದ. ಆ ಕೆಲಸವನ್ನು ಆರು ತಿಂಗಳ ಮೊದಲೇ ಮಾಡಿದ್ದರೆ, ಅವನು ಬಯಸಿದ ವೇಗದಲ್ಲಿ ಒಂದಿಷ್ಟು ಅಲ್ಲೇ ಸಿಗುತ್ತಿತ್ತು.