ತಪ್ಪನ್ನು ತಾನೇ ತೋರುವ ಮರ

ಮಾಂಟೆಸೊರಿ ಶಾಲೆಯ ಸಿಲಿಂಡರ್ ದಿಮ್ಮಿ ನೋಡಲು ತೀರಾ ಸಾದಾ: ಉದ್ದನೆಯ ಮರದ ತುಂಡು, ಹತ್ತು ಕುಳಿ, ಪ್ರತಿ ಕುಳಿಯಲ್ಲೂ ನೆತ್ತಿಗೆ ಗುಬುಟಿರುವ ಒಂದು ಸಿಲಿಂಡರು. ಇಂಥ ದಿಮ್ಮಿಗಳು ನಾಲ್ಕು. ಒಂದರಲ್ಲಿ ದಪ್ಪ ಮಾತ್ರ ಬದಲಾಗುತ್ತದೆ, ಇನ್ನೊಂದರಲ್ಲಿ ಎತ್ತರ ಮಾತ್ರ, ಉಳಿದೆರಡರಲ್ಲಿ ಎರಡೂ.

ಜಾಣ್ಮೆಯೆಲ್ಲ ಅಳತೆಯ ಬಿಗಿಯಲ್ಲಿದೆ. ದಪ್ಪ ಬದಲಾಗುವ ದಿಮ್ಮಿಗಳಲ್ಲಿ ದಪ್ಪನೆಯದು ಕಿರಿದಾದ ಕುಳಿಗೆ ಇಳಿಯದು. ಸಣ್ಣದು ದೊಡ್ಡ ಕುಳಿಯಲ್ಲಿ ಕೂತೀತು, ಆದರೆ ಲೊಡಲೊಡ ಅಲುಗುತ್ತದೆ. ಕೊನೆಗೆ ಜಾಗ ಸಿಗದ ಒಂದು ಸಿಲಿಂಡರು ಮಗುವಿನ ಕೈಯಲ್ಲೇ ಉಳಿಯುತ್ತದೆ. ಶಿಕ್ಷಕಿ ಬಾಯಿ ಬಿಡಬೇಕಿಲ್ಲ, ಬಿಡಲೂಬಾರದು. ಮಗು ಕುಳಿಯ ಅಂಚಿನ ಸುತ್ತ ಬೆರಳಾಡಿಸಿ ಮತ್ತೆ ತೊಡಗುತ್ತದೆ. ಗುಬುಟನ್ನು ಹಿಡಿಯುವುದು ಹೆಬ್ಬೆರಳು, ತೋರುಬೆರಳು, ನಡುಬೆರಳಿನಿಂದ. ಬರವಣಿಗೆಯ ಸುದ್ದಿಯೇ ಇಲ್ಲದೆ ಪೆನ್ಸಿಲಿನ ಹಿಡಿತ ಪಳಗುವುದು ಹೀಗೆ.

ಈ ಶಾಲಾಪದ್ಧತಿಯನ್ನು ರೂಪಿಸಿದ ಮರಿಯಾ ಮಾಂಟೆಸೊರಿ 1907ರಲ್ಲಿ ರೋಮಿನ ಸ್ಯಾನ್ ಲೊರೆಂಜೊದಲ್ಲಿ ತೆರೆದ ಮಕ್ಕಳ ಮನೆಯಲ್ಲಿ ಮೂರರ ಹುಡುಗಿಯೊಬ್ಬಳು ಈ ದಿಮ್ಮಿಯನ್ನು ನಲವತ್ತಕ್ಕೂ ಹೆಚ್ಚು ಸಲ ಬಿಚ್ಚಿ ಜೋಡಿಸಿದಳು. ಸುತ್ತ ಹಾಡು ಹೇಳಿಸಿದರೂ, ಕುರ್ಚಿಸಮೇತ ಎತ್ತಿ ಮೇಜಿನ ಮೇಲಿಟ್ಟರೂ ಕೈ ನಿಲ್ಲಲಿಲ್ಲ.

ಮೂರರಿಂದ ಆರು ವಯಸ್ಸಿನವರು ಕೂಡಿ ಕಲಿಯುವ ತರಗತಿಯಲ್ಲಿ ಈ ದಿಮ್ಮಿ ಬೇಗ ಹಳತಾಗದು. ಕಿರಿಯರು ಒಂದರಿಂದ ಆರಂಭಿಸುತ್ತಾರೆ; ಪಳಗಿದವರು ನಾಲ್ಕರ ಸಿಲಿಂಡರುಗಳನ್ನೂ ಬೆರೆಸಿ, ಕಣ್ಣಿಗೆ ಬಟ್ಟೆ ಕಟ್ಟಿಕೊಂಡೂ ಜೋಡಿಸುತ್ತಾರೆ.