ಆಲ್ಟೋ ಸಾಲಿನವರು

1834ರಲ್ಲಿ ಬಾಸೆಲ್ ಮಿಷನ್ ಮಂಗಳೂರಿಗೆ ಬಂದ ಮೇಲೆ ಜರ್ಮನ್ ರಾಗಗಳಿಗೆ ಕನ್ನಡದ ಮಾತು ಕೂಡಿತು. ಕರಾವಳಿಯ ಚರ್ಚುಗಳಲ್ಲಿ ಆ ಗೀತೆಗಳನ್ನು ಇಂದಿಗೂ ನಾಲ್ಕು ದನಿಗಳಲ್ಲಿ ಹಾಡುವವರಲ್ಲಿ ಕಾಲೇಜು, ಕೆಲಸ ಮುಗಿಸಿ ಅಭ್ಯಾಸಕ್ಕೆ ಓಡಿಬರುವ ಹುಡುಗ ಹುಡುಗಿಯರಿದ್ದಾರೆ. ಎಲ್ಲಕ್ಕಿಂತ ಮೇಲಿನ ದನಿಯಾದ ಸೊಪ್ರಾನೋದವರಿಗೆ ರಾಗವೂ ಸಿಗುತ್ತದೆ, ಹೊಗಳಿಕೆಯೂ ಸಿಗುತ್ತದೆ. ನನ್ನ ಕಿವಿ ಮಾತ್ರ ಅದರ ಕೆಳಗಿನ ದನಿಯಾದ ಆಲ್ಟೋ ಕಡೆಗೇ. ಪಕ್ಕದವರ ರಾಗ ಮೇಲೇರುವಾಗ ಅದರ ಸೆಳೆತಕ್ಕೆ ಸಿಗದೆ ಒಂದೇ ಸ್ವರದಲ್ಲಿ ನಾಲ್ಕು ಮಾತ್ರೆ ನಿಲ್ಲುವುದು ಸುಲಭವಲ್ಲ. ಉಸಿರೆಳೆಯಬೇಕಾದ ಕಡೆ ಹಾಳೆಯ ಮೇಲೆ ಪೆನ್ಸಿಲ್ ಗೀಟು. ‘ಯೇಸು’ ಎಂಬ ಹೆಸರು ಮಾತ್ರ ನಡುವೆ ತುಂಡಾಗಬಾರದು. ಬರೀ ಕೇಳಿ ಬಂದ ನಂಬಿಕೆಗಿಂತ ಹೀಗೆ ಹಾಡಿ ಎದೆಗಿಳಿದ ನಂಬಿಕೆ ಗಟ್ಟಿ ಎಂದೇ ನನ್ನೆಣಿಕೆ. ಕ್ರಿಸ್‌ಮಸ್ ಹತ್ತಿರ ಬಂತೆಂದರೆ ಇದೇ ಗುಂಪು ಗಿಟಾರ್ ಹೆಗಲಿಗೇರಿಸಿ ಕ್ಯಾರಲ್ ಹಾಡುತ್ತ ಮನೆಮನೆ ಸುತ್ತುತ್ತದೆ. ಮನೆಯವರು ಕ್ರಿಸ್‌ಮಸ್ ತಿಂಡಿಗಳಾದ ಕುಸ್ವಾರ್‌ನ ತಟ್ಟೆ ಮುಂದಿಟ್ಟು ಇನ್ನೊಂದು ಹಾಡಿ ಎನ್ನುತ್ತಾರೆ.