ಅಕ್ಷರಕ್ಕೆ ಸಿಗದ ಸ್ವರ

ಕೃಷ್ಣೆಯ ದಂಡೆಯ ಕೊಲ್ಹಾರ ಹೆಸರಾದದ್ದು ಗಟ್ಟಿ ಮೊಸರಿಗೆ. ಬರೆಯುವಾಗ ಮೊಸರು, ಬಾಯಲ್ಲಿ ಅದು 'ಮಸರ'. ಮನೆ 'ಮನಿ' ಆಗುತ್ತದೆ, ಮನೆಯಲ್ಲಿ ಎಂಬುದು 'ಮನ್ಯಾಗ', ಬನ್ನಿ ಎಂಬುದು 'ಬರ್ರಿ'. ನನಗೆ ಎಲ್ಲಕ್ಕಿಂತ ಇಷ್ಟ, ಬೇಡ ಎಂಬುದನ್ನು 'ಬ್ಯಾಡ' ಮಾಡುವ, ಮೇಲೆ ಎಂಬುದನ್ನು 'ಮ್ಯಾಲ' ಮಾಡುವ ಆ ಅಗಲ ಬಾಯಿಯ ದೀರ್ಘ ಸ್ವರ. ನಮ್ಮ ವರ್ಣಮಾಲೆಯಲ್ಲಿ ಅದಕ್ಕೆ ಅಕ್ಷರವೇ ಇಲ್ಲ. ಯಕಾರದ ಒತ್ತು ಕೊಟ್ಟು, ದೀರ್ಘ ಎಳೆದು ಹೇಗೋ ಬರೆಯುತ್ತೇವೆ. ಆದರೂ ಈ ಸೀಮೆಯವರು ಓದಿದರೆ ಸ್ವರ ತಪ್ಪುವುದಿಲ್ಲ, ಎಂಥ ಚೆಂದ!

ಹಳೆಯ ಹೀಬ್ರೂವಿನದೂ ಇಂಥದೇ ಪಾಡು. ಶಕಾರಕ್ಕೂ ಒಂದು ಬಗೆಯ ಸಕಾರಕ್ಕೂ ಒಂದೇ ಅಕ್ಷರ. ಅವನ್ನು ಬೇರೆ ಮಾಡುವ ಚುಕ್ಕಿ ಬಂದದ್ದು ಎಷ್ಟೋ ಶತಮಾನಗಳ ಮೇಲೆ. ಬೈಬಲ್ಲಿನ 'ನ್ಯಾಯಸ್ಥಾಪಕರು' ಗ್ರಂಥದಲ್ಲಿ, ಕಾವಲು ನಿಂತವರು ಶತ್ರುಗಳನ್ನು ಗುರುತಿಸಲು ಯೊರ್ದನ್ ಹೊಳೆ ದಾಟಲು ಬಂದವರ ಬಾಯಿಂದ 'ಶಿಬ್ಬೋಲೆತ್' ಅನ್ನಿಸುತ್ತಾರೆ. 'ಸಿಬ್ಬೋಲೆತ್' ಅಂದ ಶತ್ರು ಕುಲದ ಎಫ್ರಾಯೀಮ್ಯರು ಅಲ್ಲೇ ಹತರಾದರು.

ಅಲ್ಲಿ ಬಾಯಮಾತು ಜೀವ ತೆಗೆದರೆ, ಕೊಲ್ಹಾರವಿರುವ ನಮ್ಮ ಜಿಲ್ಲೆಯಲ್ಲಿ ಅದಕ್ಕೆ ಮರ್ಯಾದೆ ಸಿಕ್ಕಿತು. ಹಲಸಂಗಿ ಎಂಬ ಊರಿನ ಸಾಹಿತ್ಯಾಸಕ್ತ ಗೆಳೆಯರು ಹೆಣ್ಣುಮಕ್ಕಳ ಬಾಯಿಹಾಡು ಸಂಗ್ರಹಿಸಿ 1931ರಲ್ಲಿ 'ಗರತಿಯ ಹಾಡು' ಅಚ್ಚು ಮಾಡಿಸಿದರು. ಶಾಲೆಯಲ್ಲಿ 'ಬ್ಯಾಡ' ಅಂದ ಮಗುವನ್ನು ತಿದ್ದುವ ಮುಂಚೆ, ಗುರುಗಳೇ, ಆ ಸ್ವರವನ್ನು ಒಮ್ಮೆ ಕಿವಿಗೊಟ್ಟು ಕೇಳಿರಿ.